ಸಾಮಾನ್ಯ ವಾಚಕನ ಅಭಿಪ್ರಾಯವೂ ಕಾದಂಬರಿಯ ಚರಿತ್ರೆಯೂ: ಪಿಕ್‌ವಿಕ್ ಕಥೆಯ ನಿದರ್ಶನ

ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಬ್ಬರ ಮಾತನ್ನು ಮಾತ್ರ ಆಧಾರವಾಗಿ ಸ್ವೀಕರಿಸುತ್ತಾರೆ: ಒಬ್ಬನು ಕೃತಿಕಾರ, ಇನ್ನೊಬ್ಬನು ವಿಮರ್ಶಕ. ಇವರಿಬ್ಬರೂ ತಮ್ಮ ಅಭಿಪ್ರಾಯವನ್ನು ಬರೆದಿಟ್ಟು ಹೋಗುತ್ತಾರೆ. ಬರೆದಿಟ್ಟುದು ಗ್ರಂಥಭಂಡಾರಗಳಲ್ಲಿ ಉಳಿಯುತ್ತದೆ. ಆದರೆ ಕಾದಂಬರಿಯನ್ನು ಕೊಂಡೋ ಕಡ ತಂದೋ, ದಿನದ ಕೆಲಸ ಮುಗಿದ ಮೇಲೆ ದೀಪದ ಮುಂದೆ ಕುಳಿತು ಓದಿ, ಮೆಚ್ಚಿ ಇಲ್ಲವೆ ಬೇಸತ್ತು, ನೆರೆಯವನೊಡನೆ ಎರಡು ಮಾತನಾಡಿ ಮುಗಿಸಿಬಿಡುವ ಸಾಮಾನ್ಯ ವಾಚಕನು ಏನನ್ನೂ ಬರೆದಿಡುವುದಿಲ್ಲ. ಕಾದಂಬರಿಯೆಂಬ ಸಾಹಿತ್ಯಪ್ರಕಾರವು ಬದುಕಿಕೊಂಡು ಬಂದಿರುವುದು ಅವನ ಕಾಸಿನಿಂದ. ಅದರ ಚರಿತ್ರೆಯಲ್ಲಿ ಅವನಿಗೆ ಸ್ಥಳವಿಲ್ಲ.

ಈ ಕೊರತೆ ರೂಪಾಂತರಗಳ ವಿಷಯದಲ್ಲಿ ಹೆಚ್ಚಾಗಿ ಎದ್ದುಕಾಣುತ್ತದೆ. ಒಂದು ಕಾದಂಬರಿ ನಾಟಕವಾಗಬಹುದು, ಚಲನಚಿತ್ರವಾಗಬಹುದು, ಗ್ರಾಫಿಕ್ ನಾವೆಲ್ ಎಂಬ ಹೆಸರಿನಿಂದ ಇತ್ತೀಚಿನ ದಶಕಗಳಲ್ಲಿ ಪ್ರಸಿದ್ಧವಾಗಿರುವ ಚಿತ್ರಕಾದಂಬರಿಯೂ ಆಗಬಹುದು. ಮೂಲವೇ ಶ್ರೇಷ್ಠ, ರೂಪಾಂತರವು ಅದರ ಇಳಿದ ರೂಪ ಎಂಬ ತೀರ್ಮಾನ ವಿದ್ವಾಂಸರಲ್ಲಿ ಬಹುಮಟ್ಟಿಗೆ ರೂಢವಾಗಿದೆ. ಕನ್ನಡಿಗರಾದ ನಾವು ಇದನ್ನು ಅಷ್ಟು ಸುಲಭವಾಗಿ ಒಪ್ಪಬೇಕಾಗಿಲ್ಲ. ನಾವೆಲ್ಲಿಗೆ ನಾವು ಇಟ್ಟುಕೊಂಡಿರುವ ಹೆಸರೇ ಬಾಣಭಟ್ಟನ ಗದ್ಯಕಥೆಯಿಂದ ಬಂದುದು. ಬಾಣನು ಅಪೂರ್ಣವಾಗಿ ಬಿಟ್ಟ ಆ ಕಥೆಯನ್ನು ಪೂರ್ಣಗೊಳಿಸಿದವನು ಅವನ ಮಗ. ಹತ್ತನೆಯ ಶತಮಾನದ ಕೊನೆಯ ಸುಮಾರಿನಲ್ಲಿ ಅದನ್ನು ಚಂಪುವಾಗಿ ಕನ್ನಡಕ್ಕೆ ತಂದವನು ಒಂದನೆಯ ನಾಗವರ್ಮ. ನಾಗವರ್ಮನು ಬಾಣನಿಗೆ ದ್ರೋಹ ಬಗೆದನೆಂದು ಯಾರಾದರೂ ಹೇಳಿದುದನ್ನು ನಾವು ಕೇಳಿಲ್ಲ.

ಮೂಲ, ಚಿತ್ರ, ರೂಪಾಂತರ ಇವುಗಳನ್ನು ಸಾಮಾನ್ಯ ವಾಚಕನು ನಿಜವಾಗಿ ಹೇಗೆ ಕಂಡನು, ಅವನ ಅಭಿಪ್ರಾಯವನ್ನು ಚರಿತ್ರಕಾರನು ಯಾವ ಸಾಧನಗಳಿಂದ ತಿಳಿಯಬಹುದು ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ನಿದರ್ಶನವಾಗಿ ಚಾರ್ಲ್ಸ್ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಎಂಬ ಕೃತಿಯನ್ನು ತೆಗೆದುಕೊಂಡಿದೆ. ಮೂರು ರೂಪಗಳೂ ಒಂದೇ ಕಾಲದಲ್ಲಿ, ಒಂದೇ ನಗರದಲ್ಲಿ, ಒಂದೇ ಜನದ ಮುಂದೆ ನಿಂತ ಉದಾಹರಣೆ ಇದಕ್ಕಿಂತ ಸ್ಪಷ್ಟವಾದುದು ದೊರೆಯುವುದು ಕಷ್ಟ.

ಪಿಕ್‌ವಿಕ್ ಕಥೆಯ ಹುಟ್ಟು ಚಿತ್ರದಿಂದ ಆಯಿತೆಂಬುದನ್ನು ಮೊದಲು ನೆನೆಯಬೇಕು. ರಾಬರ್ಟ್ ಸೀಮೂರನು ಆ ಕಾಲದ ಲಂಡನ್ನಿನಲ್ಲಿ ಹೆಸರಾಂತ ಹಾಸ್ಯಚಿತ್ರಕಾರ. ಬೇಟೆ, ಮೀನುಗಾರಿಕೆ ಮೊದಲಾದ ವಿನೋದಗಳಲ್ಲಿ ತೊಡಗಿ ಪೇಚಿಗೆ ಸಿಕ್ಕಿಕೊಳ್ಳುವ ಪಟ್ಟಣಿಗರ ಒಂದು ಸಂಘದ ಚಿತ್ರಗಳನ್ನು ತಿಂಗಳಿಗೊಮ್ಮೆ ಪ್ರಕಟಿಸಬೇಕೆಂಬುದು ಅವನ ಯೋಜನೆ. ಪ್ರಕಾಶಕರಾದ ಚಾಪ್ಮನ್ ಮತ್ತು ಹಾಲ್ ಅವರು ಆ ಚಿತ್ರಗಳಿಗೆ ಹೊಂದುವ ಬರೆಹವನ್ನು ಒದಗಿಸಲು ಒಬ್ಬ ಲೇಖಕನನ್ನು ಹುಡುಕಿದರು. ೧೮೩೬ರ ಫೆಬ್ರವರಿಯಲ್ಲಿ ಹಾಲನು ಡಿಕನ್ಸನ ಬಳಿಗೆ ಬಂದನು. ಡಿಕನ್ಸನಿಗೆ ಆಗ ಇಪ್ಪತ್ತನಾಲ್ಕು ವರ್ಷ, ಪತ್ರಿಕಾ ವರದಿಗಾರ, ‘ಬಾಜ್’ ಎಂಬ ಹೆಸರಿನಲ್ಲಿ ಕೆಲವು ನಗರಚಿತ್ರಣಗಳನ್ನು ಬರೆದು ಆಗತಾನೆ ಪುಸ್ತಕವಾಗಿ ತಂದಿದ್ದನು. ತನಗೆ ಬೇಟೆಯ ವಿದ್ಯೆ ತಿಳಿಯದೆಂದೂ, ಬರೆಹದಿಂದ ಚಿತ್ರ ಹುಟ್ಟಬೇಕೇ ಹೊರತು ಚಿತ್ರದಿಂದ ಬರೆಹವಲ್ಲವೆಂದೂ ಅವನು ಪ್ರಕಾಶಕರಿಗೆ ತಿಳಿಸಿ, ಆ ಷರತ್ತಿನ ಮೇಲೆ ಒಪ್ಪಿಕೊಂಡನು. ಚಿತ್ರಕಾರನ ಉಪಯೋಗಕ್ಕೆಂದು ವಿಂಕಲ್ ಎಂಬ ಬೇಟೆಗಾರನೊಬ್ಬನನ್ನು ಮಾತ್ರ ಕಥೆಯಲ್ಲಿ ಉಳಿಸಿಕೊಂಡನು. ನಾಯಕನಾದ ಪಿಕ್‌ವಿಕ್ಕನ ರೂಪವೂ ಬರೆಹದಿಂದ ಬಂದುದಲ್ಲ. ಸೀಮೂರನು ಮೊದಲು ತೆಳ್ಳಗೆ ಉದ್ದವಾದ ಮನುಷ್ಯನನ್ನು ಬರೆದಿದ್ದನು. ಪ್ರಕಾಶಕನಾದ ಚಾಪ್ಮನ್ನನು ರಿಚ್ಮಂಡಿನಲ್ಲಿ ತಾನು ಕಂಡಿದ್ದ ಒಬ್ಬ ಸ್ಥೂಲಕಾಯನಾದ ವೃದ್ಧ ಶೋಕಿಗಾರನನ್ನು ವರ್ಣಿಸಿದ ಮೇಲೆ, ಬೋಳುದಲೆ, ಕನ್ನಡಕ, ಬಿಗಿಯಾದ ಷರಾಯಿ, ಕಾಲುಪಟ್ಟಿಗಳ ದುಂಡನೆಯ ಪಿಕ್‌ವಿಕ್ ಮೂಡಿದನು.

ಮೊದಲ ಸಂಚಿಕೆ ೧೮೩೬ರ ಮಾರ್ಚಿ ೩೧ರಂದು ಹೊರಬಿತ್ತು. ಬೆಲೆ ಒಂದು ಷಿಲ್ಲಿಂಗ್. ಹೊಸ ಕಾದಂಬರಿಯೊಂದು ಮೂರು ಸಂಪುಟಗಳಲ್ಲಿ ಮೂವತ್ತೊಂದೂವರೆ ಷಿಲ್ಲಿಂಗಿಗೆ ಮಾರಾಟವಾಗುತ್ತಿದ್ದ ಕಾಲದಲ್ಲಿ ಈ ಬೆಲೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೂ ಮೊದಲ ಸಂಚಿಕೆಗೆ ಸಾವಿರ ಪ್ರತಿಗಳು ಸಾಕೆನಿಸಿದುವು. ಏಪ್ರಿಲ್ ೨೦ರಂದು, ಎರಡನೆಯ ಸಂಚಿಕೆಯ ಚಿತ್ರಗಳು ಪೂರ್ತಿಯಾಗುವ ಮುನ್ನವೇ, ಸೀಮೂರನು ತನ್ನ ಮನೆಯ ತೋಟದಲ್ಲಿ ಗುಂಡು ಹಾರಿಸಿಕೊಂಡು ಪ್ರಾಣಬಿಟ್ಟನು. ಸಾಯುವುದಕ್ಕೆ ಮೂರು ದಿನ ಮೊದಲು ಅವನೂ ಡಿಕನ್ಸನೂ ಭೇಟಿಯಾಗಿದ್ದರು. ಅದೇ ಮೊದಲು, ಅದೇ ಕೊನೆ. ಅನಂತರ ಬಸ್ ಎಂಬ ಚಿತ್ರಕಾರನು ಬಂದು ಹೋದನು. ಆಮೇಲೆ ‘ಫಿಜ್’ ಎಂದು ಹೆಸರಾದ ಹ್ಯಾಬ್ಲೊ ಬ್ರೌನನು ನೆಲೆನಿಂತನು. ಸಂಚಿಕೆಗೆ ನಾಲ್ಕರಂತೆ ಇದ್ದ ಚಿತ್ರಗಳು ಎರಡಕ್ಕೆ ಇಳಿದುವು. ಇಪ್ಪತ್ತನಾಲ್ಕು ಪುಟಗಳಿದ್ದ ಬರೆಹ ಮೂವತ್ತೆರಡಕ್ಕೆ ಏರಿತು. ಒಬ್ಬನ ಮರಣದಿಂದ ಚಿತ್ರಮಾಲೆಯು ಕಾದಂಬರಿಯಾಯಿತು.

ಇಲ್ಲಿಯವರೆಗೆ ವಾಚಕನ ಸುಳಿವಿಲ್ಲ. ಅವನು ಕಾಣಿಸಿಕೊಳ್ಳುವುದು ೧೮೩೬ರ ಜುಲೈ ತಿಂಗಳಿನ ನಾಲ್ಕನೆಯ ಸಂಚಿಕೆಯಲ್ಲಿ. ಆ ಸಂಚಿಕೆಯಲ್ಲಿ ಒಂದು ಛತ್ರದ ಅಂಗಳದಲ್ಲಿ ಬೂಟುಗಳನ್ನು ಉಜ್ಜುತ್ತ ಸ್ಯಾಮ್ ವೆಲರ್ ಎಂಬ ಸೇವಕನು ಪ್ರವೇಶಿಸುತ್ತಾನೆ. ಲಂಡನ್ನಿನ ಬೀದಿಯ ಮಾತು, ಬೀದಿಯ ಬುದ್ಧಿ, ಒಡೆಯನಲ್ಲಿ ಅಕೃತ್ರಿಮವಾದ ಪ್ರೀತಿ ಇವು ಅವನ ಬಂಡವಾಳ. ಅಂದಿನಿಂದ ಮಾರಾಟ ಏರತೊಡಗಿತು. ೧೮೩೭ರ ಅಕ್ಟೋಬರಿನಲ್ಲಿ ಕಥೆ ಮುಗಿಯುವ ವೇಳೆಗೆ ಸಂಚಿಕೆಯೊಂದಕ್ಕೆ ಸುಮಾರು ನಲವತ್ತು ಸಾವಿರ ಪ್ರತಿಗಳನ್ನು ಮುಟ್ಟಿತು. ವಿಮರ್ಶಕರ ಪ್ರಶಂಸೆ ಬಂದುದು ಬಹುಪಾಲು ಇದಾದ ಮೇಲೆ. ಸಾಮಾನ್ಯ ವಾಚಕನ ಅಭಿಪ್ರಾಯಕ್ಕೆ ಇದು ಮೊದಲನೆಯ ದಾಖಲೆ: ಪ್ರಕಾಶಕನ ಲೆಕ್ಕದ ಪುಸ್ತಕ. ಲೇಖಕನು ಅದನ್ನು ಓದಿಕೊಂಡನು. ವೆಲರನನ್ನು ಪಿಕ್‌ವಿಕ್ಕನ ಆಳಾಗಿ ನೇಮಿಸಿ ಕಥೆಯ ಕೊನೆಯವರೆಗೂ ಜೊತೆಗಿಟ್ಟುಕೊಂಡನು. ಬಿಡಿಬಿಡಿಯಾದ ಪೇಚಾಟಗಳ ಸರಣಿಯು ಒಡೆಯ ಮತ್ತು ಆಳಿನ ಕಥೆಯಾದುದು ಹೀಗೆ. ಇದರಲ್ಲಿ ವಾಚಕನ ಪಾಲು ಎಷ್ಟೆಂಬುದನ್ನು ಸಾಹಿತ್ಯಚರಿತ್ರೆಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ.

ಎರಡನೆಯ ಬಗೆಯ ಸಾಕ್ಷ್ಯ ಕಾಗದಪತ್ರಗಳಲ್ಲಿದೆ. ಲೇಖಕಿ ಮೇರಿ ಮಿಟ್‌ಫರ್ಡಳು ೧೮೩೭ರ ಬೇಸಗೆಯಲ್ಲಿ ತನ್ನ ಗೆಳತಿಗೆ ಬರೆದ ಪತ್ರವೊಂದರಲ್ಲಿ, ಬೀದಿಯ ಹುಡುಗರೆಲ್ಲರೂ ಪಿಕ್‌ವಿಕ್ಕಿನ ಹಾಸ್ಯವನ್ನೇ ಆಡುತ್ತಾರೆಂದೂ, ಶಸ್ತ್ರವೈದ್ಯನಾದ ಸರ್ ಬೆಂಜಮಿನ್ ಬ್ರೋಡಿ ಒಬ್ಬ ರೋಗಿಯ ಮನೆಯಿಂದ ಇನ್ನೊಬ್ಬನ ಮನೆಗೆ ಹೋಗುವಾಗ ಗಾಡಿಯಲ್ಲಿ ಅದನ್ನು ಓದುತ್ತಾನೆಂದೂ, ನ್ಯಾಯಾಧೀಶನಾದ ಲಾರ್ಡ್ ಡೆನ್ಮನ್ ಪಂಚರು ಆಲೋಚಿಸುತ್ತಿರುವಾಗ ಪೀಠದ ಮೇಲೆಯೇ ಅದನ್ನು ತೆರೆಯುತ್ತಾನೆಂದೂ ತಿಳಿಸಿದ್ದಾಳೆ. ಕಾರ್ಲೈಲನು ಹೇಳುತ್ತಿದ್ದ ಇನ್ನೊಂದು ಕಥೆಯನ್ನು ಡಿಕನ್ಸನ ಜೀವನಚರಿತ್ರೆ ಬರೆದ ಫಾರ್ಸ್ಟರನು ಉಳಿಸಿದ್ದಾನೆ: ಮರಣಶಯ್ಯೆಯಲ್ಲಿದ್ದವನೊಬ್ಬನಿಗೆ ಪಾದ್ರಿಯು ಗಂಭೀರವಾಗಿ ಸಮಾಧಾನ ಹೇಳಿ ಹೊರಬರುವಷ್ಟರಲ್ಲಿ, ಹತ್ತು ದಿನದಲ್ಲಿ ಹೇಗೂ ಮುಂದಿನ ಪಿಕ್‌ವಿಕ್ ಬರುತ್ತದಲ್ಲ ಎಂದು ರೋಗಿಯು ದೇವರಿಗೆ ಕೃತಜ್ಞತೆ ಸಲ್ಲಿಸಿದನಂತೆ. ಇಂಥ ಕಥೆಗಳನ್ನು ಚರಿತ್ರಕಾರನು ಉಪ್ಪಿನೊಡನೆ ಸೇವಿಸಬೇಕು. ಆದರೆ ೧೮೩೭ರ ಮೇ ತಿಂಗಳಿನಲ್ಲಿ ತನ್ನ ನಾದಿನಿಯ ಅಕಾಲಮರಣದಿಂದ ಡಿಕನ್ಸನು ಒಂದು ಸಂಚಿಕೆಯನ್ನು ತಪ್ಪಿಸಿದಾಗ ಲೇಖಕನು ಸತ್ತನೆಂದೂ, ಹುಚ್ಚನಾದನೆಂದೂ, ಸಾಲಕ್ಕಾಗಿ ಸೆರೆಗೆ ಹೋದನೆಂದೂ ಹಬ್ಬಿದ ವದಂತಿಗಳನ್ನು ಅವನೇ ಅಚ್ಚಿನಲ್ಲಿ ನಿರಾಕರಿಸಬೇಕಾಯಿತೆಂಬುದು ನಿರ್ವಿವಾದ.

ಮೂರನೆಯ ಸಾಕ್ಷ್ಯವು ರೂಪಾಂತರಗಳದು. ನಮ್ಮ ದೃಷ್ಟಿಗೆ ಅದೇ ಮುಖ್ಯ. ಕಥೆಯಿನ್ನೂ ಅರ್ಧದಲ್ಲಿರುವಾಗಲೇ ಲಂಡನ್ನಿನ ರಂಗಭೂಮಿಗಳು ಅದನ್ನು ಹಿಡಿದುಕೊಂಡುವು. ೧೮೩೭ರಲ್ಲಿ ಎಡ್ವರ್ಡ್ ಸ್ಟರ್ಲಿಂಗನ ನಾಟಕವೊಂದು ಬಂದಿತು. ಅದೇ ವರ್ಷ ಸ್ಟ್ರಾಂಡ್ ನಾಟಕಶಾಲೆಯಲ್ಲಿ ಮಾಂಕ್ರೀಫನ ನಾಟಕ ನಡೆಯಿತು. ಮೂಲ ಮುಗಿದಿರಲಿಲ್ಲವಾದ್ದರಿಂದ ಇವರು ಮುಕ್ತಾಯವನ್ನು ತಾವೇ ಕಲ್ಪಿಸಿಕೊಂಡರು. ೧೮೩೩ರ ಕಾಯಿದೆಯು ನಾಟಕಕಾರನಿಗೆ ತನ್ನ ನಾಟಕದ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತ್ತೇ ಹೊರತು, ಕಾದಂಬರಿಕಾರನಿಗೆ ತನ್ನ ಕಥೆ ನಾಟಕವಾಗುವುದನ್ನು ತಡೆಯುವ ಹಕ್ಕನ್ನು ಕೊಟ್ಟಿರಲಿಲ್ಲ. ಅದು ಬ್ರಿಟನ್ನಿನಲ್ಲಿ ದೊರೆತುದು ೧೯೧೧ರ ಕಾಯಿದೆಯಿಂದ. ಮಾಂಕ್ರೀಫನ ನಾಟಕದ ಹೆಸರನ್ನು ಗಮನಿಸಬೇಕು: ‘ಸ್ಯಾಮ್ ವೆಲರ್, ಅಥವಾ ಪಿಕ್‌ವಿಕ್ ಬಳಗ.’ ಲೇಖಕನ ಪುಸ್ತಕದಲ್ಲಿ ಒಡೆಯನ ಹೆಸರು ಮೇಲಿದೆ. ಪ್ರೇಕ್ಷಕನ ಹಲಗೆಯ ಮೇಲೆ ಆಳಿನ ಹೆಸರು. ಜನಕ್ಕೆ ಯಾರು ಬೇಕಾಗಿದ್ದಾರೆಂಬುದನ್ನು ನಾಟಕಶಾಲೆಯ ಯಜಮಾನನು ಯಾವ ವಿಮರ್ಶಕನಿಗಿಂತಲೂ ಚೆನ್ನಾಗಿ ತಿಳಿದಿದ್ದನು. ತಪ್ಪಿದರೆ ಅವನ ಪೆಟ್ಟಿಗೆ ಬರಿದಾಗುತ್ತಿತ್ತು.

ನಾಟಕದ ಜೊತೆಗೆ ಕಳ್ಳಪಿಕ್‌ವಿಕ್ಕುಗಳೂ ಹುಟ್ಟಿದುವು. ಎಡ್ವರ್ಡ್ ಲಾಯ್ಡನು ‘ಬಾಸ್’ ಎಂಬ ಹೆಸರಿನಲ್ಲಿ ಒಂದು ಅನುಕರಣವನ್ನು ವಾರಕ್ಕೊಮ್ಮೆ ಒಂದು ಪೆನ್ನಿಗೆ ಮಾರಿದನು. ಚಾಪ್ಮನ್ ಮತ್ತು ಹಾಲ್ ಅವರು ೧೮೩೭ರಲ್ಲಿ ನ್ಯಾಯಾಲಯಕ್ಕೆ ಹೋದರು, ತಡೆಯಾಜ್ಞೆ ದೊರೆಯಲಿಲ್ಲ. ಒಂದು ಷಿಲ್ಲಿಂಗಿಗೆ ಹನ್ನೆರಡು ಪೆನ್ನಿಗಳು. ಅಸಲಿಗೂ ನಕಲಿಗೂ ನಡುವೆ ಇದ್ದ ಅಂತರವು ಅಭಿರುಚಿಯದು ಎಂಬುದಕ್ಕಿಂತ ಹನ್ನೊಂದು ಪೆನ್ನಿಗಳದು ಎನ್ನುವುದು ಸತ್ಯಕ್ಕೆ ಹೆಚ್ಚು ಸಮೀಪ. ಕೂಲಿಕಾರನು ನಕಲನ್ನು ಓದಿದುದರಿಂದ ಅವನಿಗೆ ಅಸಲಿನ ಗುಣ ತಿಳಿಯದೆಂದು ತೀರ್ಮಾನಿಸುವುದು ಅನ್ಯಾಯ. ಇದೇ ಕಾಲದಲ್ಲಿ ರೆನಾಲ್ಡ್ಸನು ಪಿಕ್‌ವಿಕ್ಕನನ್ನು ಫ್ರಾನ್ಸಿಗೆ ಕಳುಹಿಸಿ ಒಂದು ಉತ್ತರಕಥೆಯನ್ನು ಬರೆದನು. ಈ ರೆನಾಲ್ಡ್ಸನ ಹೆಸರು ಭಾರತೀಯರಿಗೆ ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದ ಭಾರತದ ಗ್ರಂಥಾಲಯಗಳ ಪಟ್ಟಿಗಳನ್ನೂ ಪುಸ್ತಕಗಳ ಚಲಾವಣೆಯ ಲೆಕ್ಕಗಳನ್ನೂ ಪರಿಶೀಲಿಸಿ ಪ್ರಿಯಾ ಜೋಷಿಯವರು ೨೦೦೨ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಇಂಗ್ಲೆಂಡಿನ ವಿಮರ್ಶಕರು ತಿರಸ್ಕರಿಸಿದ ಅವನನ್ನು ಇಲ್ಲಿನ ವಾಚಕರು ಅತ್ಯಂತ ಪ್ರೀತಿಯಿಂದ ಓದಿದರೆಂಬುದು ವಿದಿತವಾಗಿದೆ. ಗ್ರಂಥಾಲಯದ ಲೆಕ್ಕದ ಪುಸ್ತಕವೂ ಒಂದು ಶಾಸನವೆಂದು ತಿಳಿಯುವ ಈ ಕ್ರಮವು ನಮ್ಮ ಹಳೆಯ ಊರುಗಳ ವಾಚನಾಲಯಗಳಿಗೂ ಅನ್ವಯಿಸಬೇಕಾದುದು.

ಈ ರೂಪಾಂತರಗಳಿಂದ ಡಿಕನ್ಸನು ಕೆರಳಿದನೆಂಬುದು ಸಹಜ. ‘ನಿಕೊಲಸ್ ನಿಕಲ್ಬಿ’ಯಲ್ಲಿ, ಇನ್ನೂರ ನಲವತ್ತೇಳು ಕಾದಂಬರಿಗಳನ್ನು ಅವು ಹೊರಬಿದ್ದಷ್ಟೇ ವೇಗವಾಗಿ ನಾಟಕ ಮಾಡಿದ ಸಾಹಿತಿಯೊಬ್ಬನನ್ನು ತಂದು ನಿಲ್ಲಿಸಿ ಹಂಗಿಸಿದನು. ೧೮೩೮ರಲ್ಲಿ ಸರ್ರೆ ನಾಟಕಶಾಲೆಯಲ್ಲಿ ತನ್ನ ‘ಆಲಿವರ್ ಟ್ವಿಸ್ಟ್’ ನಡೆಯುತ್ತಿರುವಾಗ ಮೊದಲ ದೃಶ್ಯದ ನಡುವೆಯೇ ಪ್ರೇಕ್ಷಕಕೋಣೆಯ ನೆಲದ ಮೇಲೆ ಮಲಗಿಬಿಟ್ಟು, ತೆರೆ ಬೀಳುವವರೆಗೂ ಏಳಲಿಲ್ಲವೆಂದು ಫಾರ್ಸ್ಟರನು ಬರೆದಿದ್ದಾನೆ. ಅದೇ ಡಿಕನ್ಸನು ೧೮೫೮ರಿಂದ ಹಣಕ್ಕಾಗಿ ಸಾರ್ವಜನಿಕ ವಾಚನಗಳನ್ನು ಆರಂಭಿಸಿ, ತನ್ನ ಕಾದಂಬರಿಗಳನ್ನು ತಾನೇ ಕತ್ತರಿಸಿ, ಸೇರಿಸಿ, ಧ್ವನಿ ಬದಲಾಯಿಸಿ ಅಭಿನಯಿಸಿದನು. ೧೮೭೦ರ ಮಾರ್ಚಿ ೧೫ರಂದು, ಸಾಯುವುದಕ್ಕೆ ಮೂರು ತಿಂಗಳ ಮುಂಚೆ, ಅವನು ಕೊಟ್ಟ ಕೊನೆಯ ವಾಚನದಲ್ಲಿಯೂ ಪಿಕ್‌ವಿಕ್ಕಿನ ನ್ಯಾಯಾಲಯದ ದೃಶ್ಯವಿತ್ತು. ಪುಸ್ತಕವನ್ನು ಓದದೆ ಸಭಾಂಗಣಕ್ಕೆ ಬಂದವರು ಎಷ್ಟು ಮಂದಿಯೋ! ಅವರಿಗೆ ಮೂಲವೆಂದರೆ ಆ ಧ್ವನಿಯೇ.

ಈ ಎಲ್ಲ ಸಾಕ್ಷ್ಯಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಿಮರ್ಶಕನು ಪಾಠವನ್ನು ಅನುಸರಿಸುತ್ತಾನೆ. ಸಾಮಾನ್ಯ ವಾಚಕನು ಪಾತ್ರವನ್ನು ಅನುಸರಿಸುತ್ತಾನೆ. ತಾನು ಮೆಚ್ಚಿದ ಮನುಷ್ಯನು ಪುಸ್ತಕದಲ್ಲಿದ್ದರೆ ಪುಸ್ತಕಕ್ಕೆ, ರಂಗದ ಮೇಲಿದ್ದರೆ ರಂಗಕ್ಕೆ, ಚಿತ್ರದಲ್ಲಿದ್ದರೆ ಚಿತ್ರಕ್ಕೆ ಅವನು ಹೋಗುತ್ತಾನೆ. ರೂಪಾಂತರ ಚೆನ್ನಾಗಿಲ್ಲವೆಂದು ಅವನು ದೂರುವುದಿಲ್ಲವೆಂದಲ್ಲ. ಅವನ ದೂರು ‘ವಾಕ್ಯವನ್ನು ಬಿಟ್ಟರು’ ಎಂಬುದಲ್ಲ, ‘ಇವನು ನಮ್ಮ ಸ್ಯಾಮ್ ಅಲ್ಲ’ ಎಂಬುದು. ಈ ಅಳತೆಗೋಲು ವಿಮರ್ಶಕನದಕ್ಕಿಂತ ಬೇರೆಯಾದುದು. ಕೀಳೆಂದು ಹೇಳಲು ಆಧಾರವಿಲ್ಲ.

ಆದರೆ ಈ ಅಳತೆಗೆ ಬೆಲೆ ತೆತ್ತವನೊಬ್ಬನಿದ್ದಾನೆ. ಜನವು ಪಿಕ್‌ವಿಕ್ಕನನ್ನು ಗುರುತಿಸಿದುದು ಕನ್ನಡಕದಿಂದ, ಹೊಟ್ಟೆಯಿಂದ, ಕಾಲುಪಟ್ಟಿಯಿಂದ, ಎಂದರೆ ಸೀಮೂರನ ಗೆರೆಯಿಂದ. ಆದರೆ ಪಾತ್ರವನ್ನು ಮೆಚ್ಚಿದವನು ಗೆರೆ ಎಳೆದವನನ್ನು ಕೇಳಲಿಲ್ಲ. ಸೀಮೂರನ ವಿಧವೆ ತನ್ನ ಗಂಡನೇ ಈ ಕೃತಿಯ ಮೂಲಪುರುಷನೆಂದು ಸಾರುವ ಕಿರುಪುಸ್ತಕವೊಂದನ್ನು ಕೆಲವೇ ಪ್ರತಿಗಳಲ್ಲಿ ಅಚ್ಚುಮಾಡಿಸಿದಳು. ಡಿಕನ್ಸನು ತನ್ನ ಮುನ್ನುಡಿಗಳಲ್ಲಿ ಅದನ್ನು ಅಲ್ಲಗಳೆದು, ಪುಸ್ತಕದಲ್ಲಿನ ಒಂದು ಘಟನೆಯೂ ಒಂದು ಮಾತೂ ಸೀಮೂರನದಲ್ಲವೆಂದು ಹೇಳಿದನು. ಮಾತಿನ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಪ್ರಶ್ನೆ ಮಾತಿನದಾಗಿರಲಿಲ್ಲ. ಸೀಮೂರನ ಸಮಾಧಿಯ ಕಲ್ಲು ಲಂಡನ್ನಿನ ಡಿಕನ್ಸ್ ವಸ್ತುಸಂಗ್ರಹಾಲಯವನ್ನು ಸೇರಿದುದು ೨೦೧೦ರಲ್ಲಿ. ಅವನ ಪಕ್ಷವನ್ನು ಹಿಡಿದು ಸ್ಟೀಫನ್ ಜಾರ್ವಿಸ್ ಅವರು ಬರೆದ ಕಾದಂಬರಿ ಬಂದುದು ೨೦೧೫ರಲ್ಲಿ.

ಚಿತ್ರದಲ್ಲಿಯೇ ಕಥೆ ಹೇಳುವ ವಿದ್ಯೆ ಇದೇ ಕಾಲದಲ್ಲಿ ಬೇರೆಡೆಯೂ ಬೆಳೆಯುತ್ತಿದ್ದಿತು. ಜಿನೀವಾದ ಉಪಾಧ್ಯಾಯನಾದ ರೊಡಾಲ್ಫ್ ಟಾಪ್ಫರನು ಸಾಲುಚಿತ್ರಗಳ ಕೆಳಗೆ ಒಂದೆರಡು ಸಾಲು ಬರೆದು ಕಥೆಗಳನ್ನು ರಚಿಸುತ್ತಿದ್ದನು. ಬರೆಹವಿಲ್ಲದೆ ಚಿತ್ರ ಅಸ್ಪಷ್ಟ, ಚಿತ್ರವಿಲ್ಲದೆ ಬರೆಹ ನಿರರ್ಥಕ ಎಂಬುದು ಅವನ ಮತ. ಅವುಗಳ ಹಸ್ತಪ್ರತಿಗಳು ಮುಪ್ಪಿನ ಗಯಟೆಯ ಕೈಗೆ ಬಂದಾಗ, ಒಮ್ಮೆಗೇ ಹೆಚ್ಚು ನೋಡಿದರೆ ಅಜೀರ್ಣವಾದೀತೆಂದು ಆ ಮಹಾಕವಿಯು ಹತ್ತು ಪುಟಕ್ಕೊಮ್ಮೆ ವಿರಮಿಸುತ್ತ ಸವಿದನಂತೆ. ಆ ಕ್ಷಣದಲ್ಲಿ ಗಯಟೆಯೂ ಸಾಮಾನ್ಯ ವಾಚಕನೇ. ‘ಡಾಕ್ಟರ್ ಫೆಸ್ಟಸ್’ ಎಂಬ ತನ್ನ ಚಿತ್ರಕಥೆಯನ್ನು ಟಾಪ್ಫರನು ತಾನೇ ಗದ್ಯಕಥೆಯಾಗಿಯೂ ಬರೆದು ೧೮೪೦ರಲ್ಲಿ ಎರಡನ್ನೂ ಪ್ರಕಟಿಸಿದನು. ಇಲ್ಲಿ ಮೂಲವಾವುದು, ರೂಪಾಂತರವಾವುದು? ಅವನ ಇನ್ನೊಂದು ಕಥೆ ೧೮೪೨ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು, ಕರ್ತೃವಿನ ಅನುಮತಿಯಿಲ್ಲದೆ.

ಆ ಅಮೆರಿಕದಲ್ಲಿಯೇ ಒಂದು ಶತಮಾನದ ತರುವಾಯ ಚಿತ್ರಕಥೆಯ ವಾಚಕನ ಅಭಿಪ್ರಾಯವು ಸರಕಾರದ ಮುಂದೆ ಬಂದಿತು. ಆಲ್ಬರ್ಟ್ ಕ್ಯಾಂಟರನು ೧೯೪೧ರಲ್ಲಿ ಡ್ಯೂಮಾನ ‘ಮೂವರು ಬಂದೂಕುಧಾರಿಗಳು’ ಕಥೆಯಿಂದ ಆರಂಭಿಸಿ ಪ್ರಸಿದ್ಧ ಕಾದಂಬರಿಗಳನ್ನು ಚಿತ್ರಪುಸ್ತಕಗಳಾಗಿ ತಂದನು. ೧೯೪೭ರಿಂದ ಆ ಮಾಲೆಗೆ ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್’ ಎಂಬ ಹೆಸರಾಯಿತು. ಮೂಲಗ್ರಂಥವನ್ನೂ ಓದಿ ಆನಂದಿಸಿರೆಂಬ ಸೂಚನೆ ಅದರ ಕೊನೆಯಲ್ಲಿರುತ್ತಿತ್ತು. ಕಾರ್ಕಳದಲ್ಲಿ ಜನಿಸಿದ ಅನಂತ ಪೈಗಳು ೧೯೬೭ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ‘ಅಮರ ಚಿತ್ರಕಥಾ’ ಮಾಲೆಯೂ ಇದೇ ಜಾತಿಯದು. ಬಾಣನ ಕಾದಂಬರಿಯೂ ಅದರಲ್ಲಿ ಚಿತ್ರವಾಗಿ ಬಂದಿದೆ. ೧೯೫೪ರಲ್ಲಿ ಮನೋವೈದ್ಯನಾದ ಫ್ರೆಡ್ರಿಕ್ ವರ್ಥಮನು, ಚಿತ್ರಕಥೆಗಳು ಮಕ್ಕಳನ್ನು ಅಪರಾಧಕ್ಕೆ ಎಳೆಯುತ್ತವೆಂದು ವಾದಿಸುವ ಗ್ರಂಥವನ್ನು ಪ್ರಕಟಿಸಿದನು. ಉತ್ತಮ ಕಾದಂಬರಿಗಳ ಚಿತ್ರರೂಪಗಳನ್ನೂ ಅವನು ಬಿಡಲಿಲ್ಲ. ಅದೇ ವರ್ಷ ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ಅಕ್ಟೋಬರಿನಲ್ಲಿ ತಮಗೆ ತಾವೇ ಕಟ್ಟುನಿಟ್ಟಾದ ನಿಯಮಾವಳಿಯನ್ನು ವಿಧಿಸಿಕೊಂಡರು. ಅನೇಕ ಪತ್ರಿಕೆಗಳು ನಿಂತುಹೋದುವು. ಕ್ಯಾಂಟರನು ಮಾತ್ರ ತನ್ನ ಪುಸ್ತಕಗಳು ಚಿತ್ರಕಥೆಗಳೇ ಅಲ್ಲವೆಂದು ಹೇಳಿ ಆ ನಿಯಮಾವಳಿಗೆ ಒಳಪಡಲಿಲ್ಲ.

ವರ್ಥಮನ ಗ್ರಂಥದ ಬಲವೆಲ್ಲ ಇದ್ದುದು ಮಕ್ಕಳೇ ಆಡಿದ ಮಾತುಗಳಲ್ಲಿ: ಚಿಕಿತ್ಸಾಲಯಕ್ಕೆ ಬಂದ ಹುಡುಗರು ತಾವು ಏನು ಓದಿದೆವು, ಏನು ತಿಳಿದೆವು ಎಂದು ಹೇಳಿದುದನ್ನು ಅವನು ಪುಟಪುಟಕ್ಕೂ ಉದ್ಧರಿಸಿದ್ದನು. ಸಾಮಾನ್ಯ ವಾಚಕನು ಕೊನೆಗೂ ತನ್ನ ಬಾಯಿಂದಲೇ ಮಾತನಾಡಿದಂತೆ ತೋರಿತು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದ್ದ ಅವನ ಕಡತಗಳು ೨೦೧೦ರಲ್ಲಿ ಸಂಶೋಧಕರಿಗೆ ತೆರೆದುವು. ಅವುಗಳನ್ನು ಗ್ರಂಥದೊಡನೆ ಹೋಲಿಸಿದ ಕ್ಯಾರಲ್ ಟಿಲ್ಲಿಯವರು, ವರ್ಥಮನು ಹಲವೆಡೆ ಮಕ್ಕಳ ಮಾತನ್ನು ಬದಲಾಯಿಸಿದ್ದನೆಂದೂ, ಬೇರೆ ಬೇರೆ ಮಕ್ಕಳ ಮಾತುಗಳನ್ನು ಒಂದುಗೂಡಿಸಿದ್ದನೆಂದೂ, ತನ್ನ ವಾದಕ್ಕೆ ಹೊಂದದುದನ್ನು ಬಿಟ್ಟಿದ್ದನೆಂದೂ ೨೦೧೨ರಲ್ಲಿ ಪ್ರಕಟಿಸಿದರು. ೧೯೫೪ರಲ್ಲಿ ಆ ಉಪಸಮಿತಿಗೆ ನೇರವಾಗಿ ಕಾಗದ ಬರೆದ ಮಕ್ಕಳೂ ಇದ್ದರು. ತಾವು ಓದುವ ಪುಸ್ತಕಗಳ ಪರವಾಗಿ ವಾದಿಸಿದ ಆ ಕಾಗದಗಳನ್ನು ಸಮಿತಿಯ ಕಡತಗಳಿಂದ ಹೊರತೆಗೆದು ಓದುವ ಕೆಲಸವನ್ನೂ ಅವರೇ ಕೈಗೊಂಡರು. ಸ್ಯಾಮ್ ವೆಲರನನ್ನು ಮೆಚ್ಚಿದವರ ಅಭಿಪ್ರಾಯ ನಮಗೆ ಪ್ರಕಾಶಕನ, ನಾಟಕಶಾಲೆಯ ಯಜಮಾನನ, ಪತ್ರ ಬರೆದ ಗೆಳತಿಯ ಕೈಯಿಂದ ಬಂದಿದೆ. ಈ ಮಕ್ಕಳದು ಅವರ ಕೈಬರೆಹದಲ್ಲಿಯೇ ಇದ್ದು, ಹಲವಾರು ದಶಕಗಳ ಕಾಲ ಕೇಳುವವರಿಲ್ಲದೆ ಕಡತದಲ್ಲಿ ಉಳಿದಿತ್ತು.